ಗುರುವಾರದ ಸೊನ್ನೆ

ಫೆಬ್ರವರಿ 4

ಲೆಕ್ಕದ ಅಣ್ಣನವರಿಗೆ ನಮಸ್ಕಾರಗಳು.

ಅಕ್ಷರ ನೋಡಿದರೆ ಇದು ಯಾರ ಕಾಗದ ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ನಮ್ಮಿಬ್ಬರದು ಬರೀ ಫೋನಿನ ಪರಿಚಯ. ಮೂರು ವರ್ಷದ ಹಿಂದೆ, ಆ ಸೋಂಕಿನ ಕಾಲದಲ್ಲಿ, ದಿನಾ ಸಂಜೆ ಐದು ಗಂಟೆಗೆ ಫೋನ್ ಮಾಡಿ ನಿಮ್ಮ ತಲೆ ತಿನ್ನುತ್ತಿದ್ದ ವರದಿಗಾರ್ತಿ ನಾನು. ಪೇಪರಮ್ಮ ಎಂದು ಹೆಸರಿಟ್ಟವರು ನೀವೇ. ಆರೋಗ್ಯ ಕಚೇರಿಯಲ್ಲಿ ಕೂತು ಊರಿನ ಏಳೂ ಆಸ್ಪತ್ರೆಗಳ ಲೆಕ್ಕ ಒಟ್ಟು ಮಾಡುತ್ತಿದ್ದ ಗುಮಾಸ್ತರಾದ ನಿಮ್ಮನ್ನು ನಾನು ಲೆಕ್ಕದ ಅಣ್ಣ ಎಂದು ಕರೆದೆ. ಐದು ತಿಂಗಳು ಮಾತಾಡಿದೆವು, ಒಂದು ಸಲವೂ ಮುಖ ನೋಡಲಿಲ್ಲ.

ನೀವು ಅಂಕಿಗಳನ್ನು ಎರಡೆರಡು ಸಲ ಹೇಳಿ, ಆಮೇಲೆ ನನ್ನ ಬಾಯಿಂದ ಒಪ್ಪಿಸಿಕೊಳ್ಳುತ್ತಿದ್ದಿರಿ. "ಹದಿನೇಳು ಅಂತ ಗಡಿಬಿಡಿ ಮಾಡ್ಬೇಡಮ್ಮ, ಒಂದು, ಏಳು ಅಂತ ಬಿಡಿಬಿಡಿಯಾಗಿ ಹೇಳು" ಎಂದು ಮಗ್ಗಿ ತಪ್ಪಿದವಳನ್ನು ತಿದ್ದಿದ ಹಾಗೆ ತಿದ್ದುತ್ತಿದ್ದಿರಿ. ಈಗಲೂ ಯಾರಾದರೂ ಫೋನಿನಲ್ಲಿ ಒಂದು ಸಂಖ್ಯೆ ಹೇಳಿದರೆ ನನ್ನ ಬಾಯಿ ತಾನಾಗಿ ಅದನ್ನು ಒಪ್ಪಿಸುತ್ತದೆ. ಮನೆಯವರು ನಗುತ್ತಾರೆ.

ವಿಷಯಕ್ಕೆ ಬರುತ್ತೇನೆ. ಏಪ್ರಿಲ್ 20ರಿಂದ ಐದು ದಿನ, ಹೊಸ ಆರೋಗ್ಯ ವರದಿಗಾರರಿಗೆ ಒಂದು ತರಬೇತಿ ನಡೆಸುತ್ತಿದ್ದೇವೆ. ಮುಂದಿನ ಸಲ ಇಂಥ ವಿಪತ್ತು ಬಂದಾಗ ನಮ್ಮ ಹಾಗೆ ಕತ್ತಲಲ್ಲಿ ತಡಕಾಡಬಾರದು ಎಂದು. ಏನು ಕಲಿಸಬೇಕು ಎಂದು ತಿಳಿಯಲು ಆ ಕಾಲದಲ್ಲಿ ಬರೆದ ಮೂವತ್ತು ಜನಕ್ಕೆ ಪ್ರಶ್ನೆಗಳನ್ನು ಕಳಿಸಿದೆ. ಒಬ್ಬ ಬರೆದ, ರಕ್ತದಲ್ಲಿ ಆಮ್ಲಜನಕದ ಮಟ್ಟ ಎಂದರೆ ಏನು ಎಂದು ತಿಳಿಯದೆಯೇ ಎರಡು ತಿಂಗಳು ಅದರ ಬಗ್ಗೆ ಬರೆದೆ ಎಂದು. ಒಬ್ಬಳು, ಸತ್ತವರ ಮನೆಯ ಬಾಗಿಲಲ್ಲಿ ಆಡಬೇಕಾದ ಮೊದಲ ಮಾತು ಯಾವುದು ಎಂದು ಯಾರಾದರೂ ಹೇಳಿಕೊಡಬೇಕಿತ್ತು ಎಂದಳು. ಇನ್ನೊಬ್ಬ ಒಂದೇ ಪದ ಬರೆದಿದ್ದ: ನಿದ್ದೆ. ಆದರೆ ಹೆಚ್ಚು ಜನ ಕೇಳಿದ್ದು ಅಂಕಿಗಳನ್ನು ಓದುವುದು ಹೇಗೆ ಎಂದು. ಅದನ್ನು ಕಲಿಸಲು ನಿಮ್ಮನ್ನು ಬಿಟ್ಟರೆ ನನಗೆ ಯಾರೂ ಹೊಳೆಯಲಿಲ್ಲ.

ನಿಮ್ಮ ಹಳೆಯ ನಂಬರು ಚಾಲ್ತಿಯಲ್ಲಿಲ್ಲ. ದಿನದ ಪಟ್ಟಿಯನ್ನು ಓದುವುದು ಹೇಗೆಂದು ನೀವೊಮ್ಮೆ ಕೈಯಲ್ಲಿ ಬರೆದು ಅಂಚೆಗೆ ಹಾಕಿದ್ದಿರಿ, ಆ ಲಕೋಟೆಯ ಹಿಂದಿನ ವಿಳಾಸಕ್ಕೆ ಇದನ್ನು ಕಳಿಸುತ್ತಿದ್ದೇನೆ. ಒಂದು ದಿನ ಬಂದು ಮಾತಾಡಿ. ಕಾರು ಕಳಿಸುತ್ತೇನೆ. ಇಲ್ಲ ಎನ್ನಬೇಡಿ.

ನಿಮ್ಮ
ಪೇಪರಮ್ಮ

ಫೆಬ್ರವರಿ 19

ಪೇಪರಿನ ಮೇಡಂ ಅವರಿಗೆ,

ನಿಮ್ಮ ಕಾಗದ ತಲುಪಿತು. ಅವರಿಗೆ ಬರೆಯಲು ಆಗುವುದಿಲ್ಲ. ನಾನು ಅವರ ಹೆಂಡತಿ, ಅವರ ಬದಲು ಬರೆಯುತ್ತಿದ್ದೇನೆ. ತರಬೇತಿಗೆ ಬರುವುದೂ ಆಗದ ಮಾತು.

ಆದರೆ ಕಲಿಸಬೇಕು ಎಂದು ಕೇಳಿದ್ದೀರಿ. ಕೇಳಿದವರಿಗೆ ಇಲ್ಲ ಎಂದು ಕಳಿಸುವುದು ಅವರ ಸ್ವಭಾವ ಅಲ್ಲ. ಸಂಜೆ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಾ ಅವರು ಅಂದಿನ ಲೆಕ್ಕವನ್ನೆಲ್ಲ ನನಗೆ ಹೇಳುತ್ತಿದ್ದರು. ನಾನು ದೂರದಲ್ಲಿ ನಿಂತು ಕೇಳುತ್ತಿದ್ದೆ. ಅದರಿಂದ ಅವರ ರೀತಿ ನನಗೆ ಗೊತ್ತು.

ಪಟ್ಟಿಯಲ್ಲಿ ಐದು ಕಾಲಂ. ಪರೀಕ್ಷೆ ಆದವರು, ಸೋಂಕು ಸಿಕ್ಕವರು, ಆಸ್ಪತ್ರೆ ಸೇರಿದವರು, ಮನೆಗೆ ಹೋದವರು, ತೀರಿಕೊಂಡವರು. ಮೊದಲ ನಾಲ್ಕನ್ನು ಬೇರೆಯವರು ತುಂಬಿದರೂ ಅವರು ಸುಮ್ಮನಿರುತ್ತಿದ್ದರು. ಐದನೆಯದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅಲ್ಲಿ ಸೊನ್ನೆ ಬರೆಯಬೇಕಾದರೆ ಏಳು ಆಸ್ಪತ್ರೆಗೂ ಫೋನ್ ಮಾಡಬೇಕು, ಏಳು ಕಡೆಯವರೂ ಇವತ್ತು ಯಾರೂ ಹೋಗಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಒಂದೇ ಒಂದು ಕಡೆಯಿಂದ ಉತ್ತರ ಬಾರದಿದ್ದರೂ ಆ ಕಾಲಂ ಖಾಲಿ. "ಸೊನ್ನೆ ಅನ್ನೋದು ದೊಡ್ಡ ಸಂಖ್ಯೆ ಕಣೇ, ಅದಕ್ಕೆ ಸಾಕ್ಷಿ ಬೇಕು. ಖಾಲಿ ಅಂದ್ರೆ ಇನ್ನೂ ಗೊತ್ತಿಲ್ಲ ಅಂತ" ಎನ್ನುತ್ತಿದ್ದರು. ಊರಿನಲ್ಲಿ ಮೊದಲ ಸಾವು ಆದ ದಿನದಿಂದ ಮುಂದಕ್ಕೆ ಐದನೆಯ ಕಾಲಂನಲ್ಲಿ ಸೊನ್ನೆ ಬರೆಯುವ ಯೋಗ ಅವರಿಗೆ ಒಮ್ಮೆಯೂ ಬರಲಿಲ್ಲ.

ಈಗಲೂ ಸಂಜೆಯಾದರೆ ಒಳಕೋಣೆಯಲ್ಲಿ ಅವರು ಕೂಡಿಸುವುದು ಕೇಳಿಸುತ್ತದೆ. ನಾಲ್ಕು ಆರು ಹತ್ತು, ಹತ್ತು ಮೂರು ಹದಿಮೂರು.

ಫೋನ್ ನಂಬರು ಕೇಳಬೇಡಿ. ಈ ಮನೆಯಲ್ಲಿ ಫೋನ್ ಎತ್ತುವವರಿಲ್ಲ.

ಅವರ ಹೆಂಡತಿ

ಫೆಬ್ರವರಿ 24

ಅತ್ತಿಗೆಯವರಿಗೆ ನಮಸ್ಕಾರಗಳು.

ಅಣ್ಣನ ಹೆಂಡತಿ ಎಂದ ಮೇಲೆ ನೀವು ನನಗೆ ಅತ್ತಿಗೆಯೇ ತಾನೇ. ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಅಣ್ಣ ಈಗಲೂ ಕೂಡಿಸುತ್ತಾ ಕೂತಿರುತ್ತಾರೆ ಎಂದು ಓದಿ ನಗು ಬಂತು, ಕಣ್ಣೂ ತುಂಬಿತು. ನಿವೃತ್ತಿಯಾದ ಮೇಲೂ ಆ ಮನುಷ್ಯನಿಗೆ ಬಿಡುವಿಲ್ಲ. ಕೈ ನೋವೇ, ನರದ ತೊಂದರೆಯೇ? ನಮ್ಮ ಪರಿಚಯದ ಒಬ್ಬ ಒಳ್ಳೆಯ ವೈದ್ಯರಿದ್ದಾರೆ. ಹೇಳಿದರೆ ನಾನೇ ಕರೆದುಕೊಂಡು ಬರುತ್ತೇನೆ.

"ಸೊನ್ನೆ ಅನ್ನೋದು ದೊಡ್ಡ ಸಂಖ್ಯೆ" ಎಂಬ ಮಾತನ್ನು ಪಾಠದ ಮೊದಲ ಪುಟದಲ್ಲಿ ಹಾಕಿದ್ದೇನೆ. ನಮ್ಮ ಕಚೇರಿಯ ಹೊಸ ಹುಡುಗಿಯರು ಹುಡುಗರು ಅದನ್ನು ಓದಿ ಮಂಕಾದರು. ಒಬ್ಬಳು ಎದ್ದು, "ಮೇಡಂ, ಕಚೇರಿಯಲ್ಲಿ ಚೌಕಟ್ಟು ಹಾಕಿಸಿರೋ ನಿಮ್ಮ ಆ ಮೊದಲ ಪುಟದ ವರದಿ ಇದೆಯಲ್ಲ, ಅದರ ಬಗ್ಗೆ ಹೇಳ್ತೀರಾ?" ಎಂದಳು. ಇನ್ನೊಂದು ದಿನ ಎಂದು ತಳ್ಳಿಬಿಟ್ಟೆ.

ಅಣ್ಣ ಬರಲಾಗದಿದ್ದರೆ ನಾನೇ ಬಂದು ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಲೇ? ಅರ್ಧ ಗಂಟೆ ಸಾಕು. ಎದುರು ಕೂತು ಮಾತಾಡುವ ಧೈರ್ಯ ನನಗೂ ಅಷ್ಟಿಲ್ಲ, ಅದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಅವರಿಗೆ ನನ್ನ ಮೇಲೆ ಸಿಟ್ಟಿದೆಯೇ ಅತ್ತಿಗೆ? ಒಂದು ಮಾತು ಕೇಳಿ ಬರೆಯಿರಿ.

ನಿಮ್ಮ
ಪೇಪರಮ್ಮ

ಮಾರ್ಚ್ 8

ಮೇಡಂ ಅವರಿಗೆ,

ಯಾವ ವೈದ್ಯರೂ ಬೇಡ. ನೀವೂ ಬರಬೇಡಿ.

ಚೌಕಟ್ಟಿನಲ್ಲಿ ಏನಿದೆ ಎಂದು ನೀವು ಬರೆಯಲಿಲ್ಲ. ನನಗೆ ಗೊತ್ತು. "ಊರು ಉಸಿರೆಳೆದ ದಿನ: ಗುರುವಾರ ಸಾವು ಸೊನ್ನೆ." ಕೆಳಗೆ, ನಮ್ಮ ವರದಿಗಾರರಿಂದ ಎಂದಿತ್ತು. ಅದರ ಒಂದು ಪ್ರತಿ ನನ್ನ ಹತ್ತಿರವೂ ಇದೆ, ಚೌಕಟ್ಟು ಹಾಕಿಸಿಲ್ಲ.

ಆ ಗುರುವಾರದ ಪಟ್ಟಿಯಲ್ಲಿ ಐದನೆಯ ಕಾಲಂ ಖಾಲಿ ಇತ್ತು. ಅವರು ಸೊನ್ನೆ ಬರೆದಿಲ್ಲ. ಬರೆದದ್ದು ಯಾರು?

ಇದಕ್ಕೆ ಉತ್ತರ ಕೊಟ್ಟರೆ, ಸಿಟ್ಟಿದೆಯೇ ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ.

ಅವರ ಹೆಂಡತಿ

ಮಾರ್ಚ್ 13

ಅತ್ತಿಗೆ,

ನಾನೇ ಬರೆದೆ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಮೂವತ್ತು ಜನಕ್ಕೆ ಕಳಿಸಿದ ಪ್ರಶ್ನೆಗಳಲ್ಲಿ ಕೊನೆಯದು "ನೀವು ಮಾಡಿದ ತಪ್ಪು ಯಾವುದು" ಎಂಬುದು. ಉಳಿದವರೆಲ್ಲ ಪುಟಗಟ್ಟಲೆ ಬರೆದರು. ಪ್ರಶ್ನೆ ಕೇಳಿದ ನಾನು ಮಾತ್ರ ಉತ್ತರ ಬರೆಯಲಿಲ್ಲ.

ಆ ಗುರುವಾರ ಪಟ್ಟಿ ಮೊಬೈಲಿಗೆ ಬಂದಾಗ ನಾಲ್ಕೂವರೆ. ನಾಲ್ಕು ಕಾಲಂ ತುಂಬಿತ್ತು, ಐದನೆಯದು ಖಾಲಿ. ಐದು ಗಂಟೆಗೆ ಅಣ್ಣನಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಐದೂಕಾಲಕ್ಕೆ ಮತ್ತೆ. ಐದೂವರೆಗೆ ಮತ್ತೆ. ಐದು ತಿಂಗಳಲ್ಲಿ ಅವರು ಫೋನ್ ಎತ್ತದ ದಿನ ಅದೊಂದೇ. ಯಾಕೆ ಎತ್ತಲಿಲ್ಲ ಎಂದು ನಾನು ಯೋಚಿಸಬೇಕಿತ್ತು. ಪುಟ ಮುಗಿಸುವ ಹೊತ್ತಾಗಿತ್ತು, ನಾನು ನಾಳೆಯ ತಲೆಬರಹ ಯೋಚಿಸುತ್ತಿದ್ದೆ. ಸುದ್ದಿ ಸಂಪಾದಕರು ಹೆಗಲ ಮೇಲಿಂದ ಬಗ್ಗಿ ನೋಡಿ, "ಖಾಲಿ ಇದೆ ಅಂದ್ರೆ ಇವತ್ತು ಯಾರೂ ಇಲ್ಲ ಅಂತ ತಾನೇ?" ಎಂದರು. ಅವರು ಕೇಳಿದ್ದು ಪ್ರಶ್ನೆ. ನನಗೂ ಖಾತ್ರಿಯಿಲ್ಲ ಎನ್ನಬೇಕಾದವಳು "ಹೌದು ಸಾರ್" ಎಂದೆ.

ಆ ಹೊತ್ತಿಗೆ ನಾನು ಐದು ತಿಂಗಳಿಂದ ದಿನಾ ಸತ್ತವರ ಸಂಖ್ಯೆಯನ್ನೇ ಬರೆದಿದ್ದೆ. ಒಂದು ದಿನವಾದರೂ ಯಾರೂ ಸಾಯದಿರಲಿ ಎಂದು ಹಂಬಲಿಸುತ್ತಿದ್ದೆ ಅತ್ತಿಗೆ. ಹಂಬಲಿಸಿದ್ದನ್ನು ಪಟ್ಟಿಯಲ್ಲಿ ಕಂಡೆ. ಇದು ನೆಪವಲ್ಲ, ನಡೆದದ್ದು ಹೀಗೆ.

ಶುಕ್ರವಾರ ಅಣ್ಣನ ಜಾಗದಲ್ಲಿ ಬೇರೆ ಯಾರೋ ಪಟ್ಟಿ ಓದಿದರು. ಐದನೆಯ ಕಾಲಂನಲ್ಲಿ ಇಪ್ಪತ್ತಾರು. ಅದರಲ್ಲಿ ಗುರುವಾರದವರು ಎಷ್ಟು ಎಂದು ನಾನು ಕೇಳಲಿಲ್ಲ. ಅಣ್ಣ ಎಲ್ಲಿ ಎಂದೂ ಕೇಳಲಿಲ್ಲ. ನನ್ನ ಸೊನ್ನೆ ನೋಡಿ ಮುನಿಸಿಕೊಂಡು ಬೇರೆ ವಿಭಾಗಕ್ಕೆ ಹೋಗಿರಬೇಕು ಎಂದುಕೊಂಡೆ. ತಿಂಗಳೊಳಗೆ ನನ್ನನ್ನು ಮುಖ್ಯ ಕಚೇರಿಗೆ ಕರೆಸಿಕೊಂಡರು. ಕೇಳದೆ ಉಳಿದದ್ದು ಹಾಗೇ ಉಳಿಯಿತು. ಆದರೆ ಸಂಜೆ ಐದಕ್ಕೆ ಈಗಲೂ ನನ್ನ ಕಿವಿಯಲ್ಲಿ ಫೋನು ರಿಂಗ್ ಆಗುತ್ತಲೇ ಇರುತ್ತದೆ, ಆ ಕಡೆ ಯಾರೂ ಎತ್ತುವುದಿಲ್ಲ.

ಇದನ್ನು ಅಣ್ಣನಿಗೆ ಓದಿ ಹೇಳಿ. ಅವರು ಏನು ಅಂದರು ಎಂದು ಬರೆಯಿರಿ. ಬೈದರೂ ಸರಿ, ಬೈದದ್ದನ್ನೇ ಬರೆಯಿರಿ.

ಪೇಪರಮ್ಮ

ಮಾರ್ಚ್ 22

ಮೇಡಂ ಅವರಿಗೆ,

ಅವರು ತೀರಿಕೊಂಡು ಮೂರು ವರ್ಷವಾಯಿತು. ನಿಮ್ಮ ಆ ಗುರುವಾರವೇ, ಮಧ್ಯಾಹ್ನ ಹನ್ನೆರಡೂಕಾಲಕ್ಕೆ. ಅವರಿಗೆ ಓದಿ ಹೇಳಿ ಎಂದಿರಲ್ಲ, ಹೇಳುವ ಹಾಗಿದ್ದರೆ ನನಗೂ ಹೇಳುವುದು ಬಹಳ ಇತ್ತು.

ಮೊದಲ ಕಾಗದದಲ್ಲೇ ತಿಳಿಸಬಹುದಿತ್ತು. ಆದರೆ ಅವರು ಬದುಕಿದ್ದಾರೆ ಎಂದುಕೊಂಡು ಅವರ ಹೆಸರಿಗೆ ಕಾಗದ ಬರೆದವರು ಈ ಮೂರು ವರ್ಷದಲ್ಲಿ ನೀವೊಬ್ಬರೇ. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಸುಳ್ಳನ್ನಂತೂ ನಾನು ಬರೆದಿಲ್ಲ. ಒಳಕೋಣೆಯಲ್ಲಿ ಕೂಡಿಸುವುದು ಕೇಳಿಸುತ್ತದೆ ಎಂದದ್ದೂ ನಿಜವೇ.

ಆ ಸೋಮವಾರ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಮಂಗಳವಾರ, ಬುಧವಾರ ಹಾಸಿಗೆಯಿಂದಲೇ ಏಳೂ ಆಸ್ಪತ್ರೆಗೆ ಫೋನ್ ಮಾಡಿ ಲೆಕ್ಕ ಕೊಟ್ಟರು. ನರ್ಸಮ್ಮ ಬೈದರೂ ಕೇಳಲಿಲ್ಲ. ಗುರುವಾರ ಹತ್ತು ಗಂಟೆಗೆ ಎದ್ದು ಕೂರಲು ಹೋದರು, ಉಸಿರು ಸಾಲಲಿಲ್ಲ. ನನ್ನ ಕೈಗೆ ಫೋನ್ ಕೊಟ್ಟು ಹೇಳಿದರು: "ಇವತ್ತಿಂದು ನನ್ನಿಂದ ಆಗಲ್ಲ. ಐದನೇ ಕಾಲಂ ಖಾಲಿ ಇರಲಿ ಅಂತ ಆಫೀಸಿಗೆ ಹೇಳು. ಗೊತ್ತಿಲ್ಲ ಅಂತಲೇ ಹೋಗಲಿ." ನಾನು ಹೇಳಿದೆ. ಆಫೀಸಿನವರು ಹಾಗೇ ಖಾಲಿ ಬಿಟ್ಟರು. ಅವರ ಕಡೆಯ ಲೆಕ್ಕ ಅದು.

ಐದು ಗಂಟೆಗೆ ನಾನು ಆಸ್ಪತ್ರೆಯ ಕೆಳಗಿನ ಬೆಂಚಿನ ಮೇಲಿದ್ದೆ. ಫೋನು ಬಡಿದುಕೊಂಡಿತು. ಪರದೆಯ ಮೇಲೆ ಪೇಪರಮ್ಮ ಎಂದು ಬಂತು. ನನಗೆ ನೀವು ಯಾರೆಂದು ಗೊತ್ತಿತ್ತು, ದಿನಾ ನಿಮ್ಮ ಮಾತು ಹೇಳಿ ನಗುತ್ತಿದ್ದರಲ್ಲ. ಎತ್ತಿದರೆ ಅವರಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು, ನಾನು ಅಲ್ಲಿಯವರೆಗೆ ಯಾರಿಗೂ ಆ ಮಾತು ಹೇಳಿರಲಿಲ್ಲ. ಮೂರು ಸಲವೂ ಅದು ನಿಲ್ಲುವವರೆಗೆ ಕೈಯಲ್ಲಿ ಹಿಡಿದುಕೊಂಡು ಕೂತೆ. ಎತ್ತಿ ಒಂದು ಮಾತು ಹೇಳಿದ್ದರೆ ನೀವು ಸೊನ್ನೆ ಬರೆಯುತ್ತಿರಲಿಲ್ಲ. ಸಿಟ್ಟಿದೆಯೇ ಎಂದು ಕೇಳಿದಿರಿ. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ಕೂತಾಗೆಲ್ಲ ಈ ಫೋನು ಅಡ್ಡ ಬರುತ್ತದೆ.

ಶುಕ್ರವಾರ ಬೆಳಗ್ಗೆ ಅವರನ್ನು ಮನೆಗೆ ಕೊಟ್ಟರು. ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ, ಕಾಗದದಲ್ಲಿ ಉಸಿರಾಟ ನಿಂತು ಸಾವು ಎಂದಷ್ಟೇ ಇತ್ತು. ಯಾರನ್ನೂ ಕರೆಯುವುದು ಬೇಡ ಎಂದೆ. ಆಗಲೇ ನಿಮ್ಮ ಪೇಪರ್ ಬಂದಿತ್ತು. ನನ್ನ ಮೈದುನ ಅದನ್ನು ನನ್ನ ಮುಂದೆ ಹಿಡಿದ. "ನೋಡಿ ಅತ್ತಿಗೆ, ನಿನ್ನೆ ಊರಲ್ಲಿ ಆ ರೋಗಕ್ಕೆ ಒಬ್ಬರೂ ಹೋಗಿಲ್ಲ. ಅಣ್ಣಂದು ಹೃದಯವೇ. ನಾಲ್ಕು ಜನ ಬಾರದೆ ಅಣ್ಣನನ್ನ ಅನಾಥನ ಹಾಗೆ ಕಳಿಸೋದಾ?" ಅವನೇ ಒಬ್ಬೊಬ್ಬರಿಗೂ ಫೋನ್ ಮಾಡಿದ. ನಲವತ್ತು ಜನ ಬಂದರು. ಅವರ ಅಮ್ಮನನ್ನು, ನನ್ನ ಅತ್ತೆಯನ್ನು, ಎಲ್ಲರೂ ತಬ್ಬಿಕೊಂಡು ಅತ್ತರು. ಹತ್ತೊಂಬತ್ತನೆಯ ದಿನ ಅತ್ತೆ ಹೋದರು. ಅದಾದ ಮೂರು ದಿನಕ್ಕೆ ಇವರ ಫಲಿತಾಂಶ ನನ್ನ ಕೈಗೆ ಬಂತು. ಆ ರೋಗವೇ.

ಇದನ್ನು ನಿಮಗೆ ಹೇಳಿದ್ದು ನೀವು ನಿಜ ಹೇಳಿದಿರಿ ಎಂದು. ಪೇಪರಿನಲ್ಲಿ ಹಾಕಬೇಡಿ. ಕಾರಣ ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ. ಇವತ್ತು ಕೈ ಸೋತಿದೆ.

ಅವರ ಹೆಂಡತಿ

ಏಪ್ರಿಲ್ 2

ಮೇಡಂ ಅವರಿಗೆ,

ಕಾರಣ ಬರೆಯುತ್ತೇನೆ ಎಂದು ಹನ್ನೊಂದು ದಿನ ತಡ ಮಾಡಿದೆ. ಮೂರು ಸಲ ಬರೆದು ಹರಿದೆ.

ಆ ಫಲಿತಾಂಶವನ್ನು ನಾನು ಮೈದುನನಿಗೆ ತೋರಿಸಿಲ್ಲ. ನನ್ನ ಹೊಲಿಗೆಯ ಡಬ್ಬದಲ್ಲಿ, ಗುಂಡಿಗಳ ಕೆಳಗೆ ಮಡಚಿಟ್ಟಿದ್ದೇನೆ. ಅಣ್ಣ ಹೃದಯಕ್ಕೆ ಹೋದ, ಅಮ್ಮ ವಯಸ್ಸಿಗೆ, ದುಃಖಕ್ಕೆ ಹೋದಳು ಎಂದು ಅವನು ನಂಬಿದ್ದಾನೆ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಅಮ್ಮನ ತಟ್ಟೆ ತೊಳೆದಿಟ್ಟೇ ತಾನು ಊಟಕ್ಕೆ ಕೂರುತ್ತಿದ್ದ ಮನುಷ್ಯ. ಆ ನಲವತ್ತು ಜನವನ್ನು ಕರೆದದ್ದು ಅವನು. ಫಲಿತಾಂಶ ನೋಡಿದರೆ ಅವನು ಏನು ಲೆಕ್ಕ ಹಾಕುತ್ತಾನೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನನ್ನ ಗಂಡನ ಸಾವು ಯಾವ ಪಟ್ಟಿಯಲ್ಲೂ ಇಲ್ಲ ಎಂಬ ಸಂಕಟ ನನಗಿಲ್ಲ ಎಂದಲ್ಲ. ಬೇಕಾದಷ್ಟಿದೆ. ಊರಿನವರನ್ನೆಲ್ಲ ಎಣಿಸಿದವರನ್ನು ಯಾರೂ ಎಣಿಸಲಿಲ್ಲ. ಆದರೆ ಅವರು ಹೋಗಿಯಾಯಿತು. ಇವನು ಇದ್ದಾನೆ, ದಿನಾ ಬೆಳಗ್ಗೆ ಅಂಗಡಿ ತೆಗೆಯುತ್ತಾನೆ. ಅದು ನಡೆಯಲಿ.

ಅದಕ್ಕೇ ಹಾಕಬೇಡಿ ಎಂದೆ. ನಿಮ್ಮ ಮಕ್ಕಳಿಗೆ ಪಾಠ ಮಾಡುವಾಗ ಬೇಕಾದರೆ ಹೇಳಿ. ಅಚ್ಚು ಮಾತ್ರ ಬೇಡ. ಅವನು ನಿಮ್ಮ ಪೇಪರ್ ಓದುತ್ತಾನೆ.

ಅವರ ಹೆಂಡತಿ

ಏಪ್ರಿಲ್ 3

ಅತ್ತಿಗೆ,

ಇದರ ಜೊತೆ ಇವತ್ತಿನ ಪತ್ರಿಕೆಯ ತುಣುಕು ಇಟ್ಟಿದ್ದೇನೆ. ನಾಲ್ಕನೆಯ ಪುಟ, ಮೇಲ್ಭಾಗ, ನನ್ನ ಹೆಸರಿನಲ್ಲೇ.

ಹಾಕಬೇಡಿ ಎಂದಿರಿ. ನನ್ನ ಹೆಸರು ಕೆಡುತ್ತದೆ, ನನ್ನ ಕೆಲಸಕ್ಕೆ ತೊಂದರೆಯಾಗುತ್ತದೆ ಎಂದು ಯೋಚಿಸಿ ಹಾಗೆ ಬರೆದಿರಿ. ಗಂಡನನ್ನೂ ಅತ್ತೆಯನ್ನೂ ಕಳೆದುಕೊಂಡ ನೀವು, ಅತ್ತೆಯ ಸಾವಿಗೆ ಕಾರಣವಾದವಳನ್ನು ಕಾಪಾಡಲು ನೋಡಿದಿರಿ. ನಿಮ್ಮ ದೊಡ್ಡ ಮನಸ್ಸು ನೋಡಿ ನನಗೆ ನಾಚಿಕೆಯಾಯಿತು. ನೀವು ಕಾರಣ ಬರೆಯುತ್ತೇನೆ ಎಂದು ಹತ್ತು ದಿನವಾದರೂ ಕಾಗದ ಬರಲಿಲ್ಲ. ಬರೆಯುವ ಸಂಕಟವನ್ನೂ ನಿಮಗೆ ಯಾಕೆ ಕೊಡಬೇಕು ಎಂದು ನಾನೇ ತೀರ್ಮಾನಿಸಿದೆ.

ಸಂಪಾದಕರು ಮೊದಲು ಒಪ್ಪಲಿಲ್ಲ. "ಮೂರು ವರ್ಷ ಆದ್ಮೇಲೆ ಯಾರಿಗೆ ಬೇಕು ಇದು?" ಎಂದರು. ಬೇಕಾದವರು ಒಬ್ಬರಿದ್ದಾರೆ ಎಂದೆ. ಚೌಕಟ್ಟನ್ನು ನಾನೇ ಗೋಡೆಯಿಂದ ಇಳಿಸಿದೆ. ಏನನ್ನೂ ಮುಚ್ಚಿಟ್ಟಿಲ್ಲ ಅತ್ತಿಗೆ. ಆರೋಗ್ಯ ಕಚೇರಿಯ ಲೆಕ್ಕದ ಗುಮಾಸ್ತರು ಅದೇ ಗುರುವಾರ ಅದೇ ರೋಗಕ್ಕೆ ತೀರಿಕೊಂಡರು, ಖಾಲಿ ಕಾಲಂ ಅನ್ನು ನಾನು ಸೊನ್ನೆ ಎಂದು ಬರೆದೆ, ಆ ಸೊನ್ನೆಯನ್ನು ನಂಬಿ ಅವರ ಮನೆಗೆ ನಲವತ್ತು ಜನ ಬಂದರು, ಹತ್ತೊಂಬತ್ತನೆಯ ದಿನ ಅವರ ತಾಯಿಯೂ ಹೋದರು ಎಂದು ಇದ್ದದ್ದು ಇದ್ದ ಹಾಗೆ ಬರೆದೆ. ನಿಮ್ಮ ಫೋನಿನ ವಿಷಯ ಮಾತ್ರ ಬಿಟ್ಟೆ. ಅದು ನನ್ನ ತಪ್ಪಲ್ಲ, ನಿಮ್ಮದೂ ಅಲ್ಲ.

ಮೂರು ವರ್ಷದ ಮೇಲೆ ಅಣ್ಣ ಎಣಿಕೆಗೆ ಬಂದರು. ಓದಿ, ಒಂದು ಸಾಲು ಬರೆಯಿರಿ.

ಪೇಪರಮ್ಮ

ಏಪ್ರಿಲ್ 6

ಅತ್ತಿಗೆ,

ಎರಡನೆಯ ತಾರೀಕಿನ ನಿಮ್ಮ ಕಾಗದ ಇವತ್ತು ಬೆಳಗ್ಗೆ ಬಂತು.

ಏನು ಬರೆಯಬೇಕು ಎಂದು ತಿಳಿಯುತ್ತಿಲ್ಲ. ಅಚ್ಚಾದದ್ದನ್ನು ವಾಪಸು ತೆಗೆದುಕೊಳ್ಳುವ ದಾರಿ ನಮ್ಮ ಕಸುಬಿನಲ್ಲಿ ಇಲ್ಲ. ನಿಮ್ಮ ಮೈದುನ ಅವತ್ತು ಪೇಪರ್ ಓದಿರಲಿಕ್ಕಿಲ್ಲ, ಓದಿದರೂ ನಾಲ್ಕನೆಯ ಪುಟ ತಿರುಗಿಸಿರಲಿಕ್ಕಿಲ್ಲ ಎಂದು ಬೆಳಗಿನಿಂದ ಹೇಳಿಕೊಳ್ಳುತ್ತಿದ್ದೇನೆ. ಹಂಬಲಿಸಿದ್ದನ್ನೇ ನಂಬುವ ಚಾಳಿ ನನ್ನನ್ನು ಬಿಟ್ಟಿಲ್ಲ.

ಅವರು ಹೇಗಿದ್ದಾರೆ? ಬೇರೇನೂ ಬೇಡ, ಅಷ್ಟು ತಿಳಿಸಿ. ನಾನು ಬರಲೇ?

ಏಪ್ರಿಲ್ 11

ಮೇಡಂ ಅವರಿಗೆ,

ಅವನು ಓದಿದ.

ದಿನಾ ಬೆಳಗ್ಗೆ ಅಂಗಡಿಗೆ ಹೋಗುವ ಮೊದಲು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಪೇಪರನ್ನು ಗಟ್ಟಿಯಾಗಿ ಓದುತ್ತಾನೆ, ನನಗೆ ಕಣ್ಣು ಮಂಜು ಎಂದು. ನನ್ನ ಕಣ್ಣು ಚೆನ್ನಾಗಿಯೇ ಇದೆ. ಅವನದು ಕನ್ನಡಕದ ಅಂಗಡಿ, ಪ್ರೀತಿಯಿಂದ ಒಂದು ಜೊತೆ ಮಾಡಿಕೊಟ್ಟಿದ್ದಾನೆ, ಬೇಡ ಎನ್ನಲಾಗದೆ ಹಾಕಿಕೊಳ್ಳುತ್ತೇನೆ. ಶುಕ್ರವಾರ ನಾಲ್ಕನೆಯ ಪುಟ ತಿರುಗಿಸಿ "ಒಂದು ತಪ್ಪೊಪ್ಪಿಗೆ" ಎಂದು ಓದಿದ. "ಪೇಪರಿನವರೂ ತಪ್ಪು ಒಪ್ಕೊಳ್ತಾರಾ ಅತ್ತಿಗೆ? ಇದು ಕೇಳೋ ಹಾಗಿದೆ" ಎಂದು ನಕ್ಕ. ನಿಮ್ಮ ಎರಡನೆಯ ಸಾಲಿಗೇ ನನಗೆ ಗೊತ್ತಾಯಿತು. ನಲವತ್ತು ಜನ ಎಂಬಲ್ಲಿಗೆ ಅವನ ದನಿ ನಿಂತಿತು. ಉಳಿದದ್ದನ್ನು ಮನಸ್ಸಿನಲ್ಲಿ ಓದಿಕೊಂಡ. ಪೇಪರನ್ನು ನಾಲ್ಕಾಗಿ ಮಡಚಿ ಮೊಣಕಾಲ ಮೇಲಿಟ್ಟುಕೊಂಡ.

"ಅತ್ತಿಗೆ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮೂರು ವರ್ಷ ನನ್ನ ಮುಖ ನೋಡ್ಕೊಂಡು ಹೇಗೆ ಇದ್ರಿ?"

"ನಿನ್ನ ಮುಖ ನೋಡ್ಕೊಂಡೇ ಹೇಳಲಿಲ್ಲಪ್ಪ" ಎಂದೆ.

ನೀವು ಏನು ಮಾಡಿದಿರಿ ಎಂದು ಹೇಳಿಬಿಡುತ್ತೇನೆ, ಆಮೇಲೆ ಇದರ ಬಗ್ಗೆ ಮಾತಾಡುವುದಿಲ್ಲ. ನಾನು ಬೇಡ ಎಂದಿದ್ದೆ, ಕಾರಣ ಹೇಳಿರಲಿಲ್ಲ. ಕಾರಣದ ಜಾಗ ಖಾಲಿ ಇತ್ತು. ಅದನ್ನು ಮತ್ತೆ ನೀವೇ ತುಂಬಿಕೊಂಡಿರಿ. ನನ್ನ ದೊಡ್ಡ ಮನಸ್ಸು ಎಂದಿರಲ್ಲ, ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ಅಚ್ಚು ಹಾಕಿಸಿ ನಿಮ್ಮ ಎದೆಯ ಭಾರ ಇಳಿಸಿಕೊಂಡಿರಿ. ಅದು ಈ ಮನೆಯ ಸ್ಟೂಲಿನ ಮೇಲೆ ಬಂದು ಕೂತಿತು.

ನಾಲ್ಕು ದಿನ ಅವನು ಅಂಗಡಿ ತೆಗೆಯಲಿಲ್ಲ. ಅತ್ತೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಅನ್ನ ಇಟ್ಟರೆ ಹಾಗೇ ಇರುತ್ತಿತ್ತು. ನಾನು ಬಾಗಿಲ ಹೊರಗೆ ಕೂತು ಅವನ ಉಸಿರನ್ನು ಎಣಿಸಿದೆ, ಸುಳ್ಳಲ್ಲ. ಐದನೆಯ ದಿನ ಎದ್ದು ಸ್ನಾನ ಮಾಡಿದ. ಹಾಳೆ ತೆಗೆದುಕೊಂಡು ಆ ನಲವತ್ತು ಜನದ ಹೆಸರು ಬರೆದ, ಒಂದನ್ನೂ ಮರೆತಿರಲಿಲ್ಲ. ಒಂದೊಂದೇ ಮನೆಗೆ ಹೋಗಿ, ಆಗ ನಿಮಗೆ ಜ್ವರ ಬಂದಿತ್ತಾ, ಯಾವತ್ತಿಂದ, ಎಂದು ಕೇಳಿ ಬಂದ. ಕೆಲವರು ಬಂದಿತ್ತು ಎಂದರು, ಕೆಲವರು ನೆನಪಿಲ್ಲ ಎಂದರು. ಒಬ್ಬರು ಬಾಗಿಲು ಹಾಕಿಕೊಂಡರಂತೆ. ಅಮ್ಮನಿಗೆ ಅದು ಬಂದದ್ದು ಬಂದವರಿಂದಲೋ, ಸೋಮವಾರಕ್ಕೆ ಮೊದಲೇ ಅಣ್ಣನಿಂದಲೋ ಎಂದು ತಿಳಿಯಲು ದಾರಿಯೇ ಇಲ್ಲ ಎಂದು ನಿನ್ನೆ ಬಂದು ಹೇಳಿದ. ಹೇಳುವಾಗ ಅವನ ಮುಖ ಅವನ ಅಣ್ಣನದೇ ಆಗಿತ್ತು.

ಆಮೇಲೆ ಕೇಳಿದ, "ಆ ತರಬೇತಿ ಎಲ್ಲಿ ನಡೆಯೋದು ಅತ್ತಿಗೆ? ನಾನು ಹೋಗ್ತೀನಿ." ನಿಮ್ಮ ಕಾಗದಗಳನ್ನೆಲ್ಲ ಅವನಿಗೆ ಓದಲು ಕೊಟ್ಟೆ. ನಾನು ನಿಮಗೆ ಬರೆದದ್ದೆಲ್ಲವನ್ನೂ ಹೇಳಿದೆ, ಫೋನಿನದನ್ನೂ. ಇನ್ನು ಈ ಮನೆಯಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ.

ಇಪ್ಪತ್ತನೆಯ ತಾರೀಕು ಬೆಳಗಿನ ಬಸ್ಸಿಗೆ ಬರುತ್ತಾನೆ. ಕಾರು ಬೇಡ. ನಿಮ್ಮನ್ನು ಕ್ಷಮಿಸಲು ಬರುತ್ತಿಲ್ಲ, ಬೈಯಲೂ ಬರುತ್ತಿಲ್ಲ. ತನ್ನ ತಾಯಿಯನ್ನು ಕೊಂದದ್ದು ತಾನೋ, ಪೇಪರೋ, ಇಬ್ಬರೂ ಅಲ್ಲವೋ ಎಂದು ನಿಮ್ಮ ಹೊಸಬರನ್ನು ಒಬ್ಬೊಬ್ಬರನ್ನೇ ಕೇಳುತ್ತಾನಂತೆ. ಅಷ್ಟು ಕಲಿತವರಲ್ಲವಾ, ಯಾರಾದರೂ ಹೇಳಲಿ ಎನ್ನುತ್ತಾನೆ. ಅವನಿಗೆ ಸಮಾಧಾನವಾಗಲಿ ಎಂದು ಅವರಲ್ಲಿ ಯಾರೂ ಏನನ್ನೂ ತುಂಬಿ ಹೇಳಬಾರದು. ಗೊತ್ತಿಲ್ಲದವರು ಅವನ ಮುಖ ನೋಡಿಕೊಂಡೇ ಗೊತ್ತಿಲ್ಲ ಎನ್ನಲಿ. ಅದೊಂದನ್ನಾದರೂ ಅವರಿಗೆ ಕಲಿಸಿಟ್ಟಿರಿ, ಇನ್ನೂ ಒಂಬತ್ತು ದಿನ ಇದೆ.